ಒಂದೇ ಸ್ವರದೊಳಗೆ ಎಷ್ಟೊಂದು ಸ್ವರ: ಕೈಯಾ ಸಾರಿಯಾಹೊ ನಡೆದ ದಾರಿ

ಸಂಗೀತದ ಪಾಠಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನನಗೆ ಬೇಜಾರು ತರಿಸುತ್ತಿದ್ದದ್ದು ತಂಬೂರಿ ಶ್ರುತಿ ಮಾಡುವ ಹೊತ್ತು. ಮೇಷ್ಟ್ರು ಬಿರಡೆ ತಿರುಗಿಸುತ್ತಿದ್ದರು, ಮಣಿ ಸರಿಸುತ್ತಿದ್ದರು. ಆಮೇಲೆ ತಂತಿಗೂ ಕುದುರೆಗೂ ನಡುವೆ ಇಟ್ಟ ದಾರದ ಎಳೆಯನ್ನು ಚೂರೇ ಚೂರು ಆಚೀಚೆ ಮಾಡುತ್ತಿದ್ದರು. ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಥಟ್ಟನೆ ಝೇಂಕರಿಸುತ್ತಿತ್ತು. "ಗಾಂಧಾರ ಕೇಳಿಸ್ತಾ?" ಎನ್ನುತ್ತಿದ್ದರು. ಗಾಂಧಾರಕ್ಕೆ ತಂತಿಯೇ ಇಲ್ಲವಲ್ಲ! ನಾಲ್ಕು ತಂತಿಗಳಲ್ಲಿ ಇರುವುದು ಪ, ಸ, ಸ, ಸ. ಕೇಳಿಸಿತು ಎಂದು ತಲೆಯಾಡಿಸಿ ಸುಮ್ನೆ ಕೂರುತ್ತಿದ್ದೆ. ನಿಜವಾಗಿ ಕೇಳಿಸಿದ್ದು ಎಷ್ಟೋ ತಿಂಗಳ ಮೇಲೆ. ಒಮ್ಮೆ ಕೇಳಿಸಿದ ಮೇಲೆ ಮತ್ತೆ ಕೇಳಿಸದೇ ಇರಲಿಲ್ಲ.

ಯಾರೂ ಮೀಟದೆ ತಾನಾಗಿ ಹುಟ್ಟುವ ಆ ಸ್ವರಕ್ಕೆ ನಮ್ಮವರು ಸ್ವಯಂಭು ಗಾಂಧಾರ ಎಂದು ಹೆಸರಿಟ್ಟಿದ್ದಾರೆ. ಫಿನ್‌ಲೆಂಡಿನ ಸಂಯೋಜಕಿ ಕೈಯಾ ಸಾರಿಯಾಹೊ ಅವರ ಸಂಗೀತಕ್ಕೆ ನಾನು ಒಳಹೊಕ್ಕಿದ್ದು ಇದೇ ಬಾಗಿಲಿನಿಂದ. ಅವರು ತಂಬೂರಿ ನುಡಿಸಿದವರಲ್ಲ. ಅವರ ಕೈಯಲ್ಲಿದ್ದದ್ದು ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ), ಕೊಳಲು, ಆರ್ಕೆಸ್ಟ್ರಾ, ಕಂಪ್ಯೂಟರ್. ಆದರೆ ಒಂದು ಸ್ವರದ ಹೊಟ್ಟೆಯೊಳಗೆ ಏನೇನಿದೆ ಎಂದು ನಲವತ್ತು ವರ್ಷ ಕಿವಿಗೊಟ್ಟು ಕೇಳಿದರು. 2023ರಲ್ಲಿ ಅವರು ತೀರಿಕೊಂಡಾಗ ಬಹಳಷ್ಟು ಸುದ್ದಿಗಳಲ್ಲಿ ಎದ್ದು ಕಂಡದ್ದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ರಂಗಮಂದಿರದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ತಮ್ಮ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ರಂಗಕ್ಕೇರಿದ್ದನ್ನು ಕಂಡ ಮಹಿಳೆ ಎಂಬ ಸಾಲು. ಅದು ನಿಜ, ಅದರ ಕಥೆಯನ್ನೂ ಹೇಳುತ್ತೇನೆ. ಆದರೆ ಆ ಸಾಲಿನ ಹಿಂದೆ ಅವರ ಕಿವಿ ಮರೆಯಾಗಬಾರದು.

ಕೈಯಾ ಹುಟ್ಟಿದ್ದು 1952ರ ಅಕ್ಟೋಬರ್ 14ರಂದು, ಹೆಲ್ಸಿಂಕಿಯಲ್ಲಿ. ಮನೆಯಲ್ಲಿ ಸಂಗೀತಗಾರರು ಯಾರೂ ಇರಲಿಲ್ಲ. ಚಿಕ್ಕವಳಿದ್ದಾಗ ರಾತ್ರಿ ಮಲಗಿದರೆ ದಿಂಬಿನೊಳಗಿಂದ ಸಂಗೀತ ಬರುತ್ತಿದೆ ಎಂದು ಆಕೆಗೆ ಅನಿಸುತ್ತಿತ್ತಂತೆ. ನಿದ್ದೆ ಬರುತ್ತಿಲ್ಲ, ದಿಂಬನ್ನು ಆಫ್ ಮಾಡು ಎಂದು ಅಮ್ಮನನ್ನು ಕೇಳುತ್ತಿದ್ದಳಂತೆ. ಪಿಟೀಲು, ಪಿಯಾನೊ, ಆರ್ಗನ್ ಎಲ್ಲ ಕಲಿತದ್ದಾಯಿತು. ಚಿತ್ರಕಲೆಯನ್ನೂ ಓದಿದರು. ಆ ಚಿತ್ರದ ಕಣ್ಣು ಕೊನೆಯವರೆಗೂ ಅವರ ಜೊತೆಗಿತ್ತು. ಎಷ್ಟೋ ಕೃತಿಗಳ ಹೆಸರಿನಲ್ಲೇ ಬೆಳಕು, ಹೊಗೆ, ಹರಳು, ನೈದಿಲೆ ಬರುತ್ತವೆ.

ಸಂಯೋಜನೆಯನ್ನೇ ಓದಬೇಕು ಎಂದು ಗಟ್ಟಿ ಮನಸ್ಸು ಮಾಡಿ 1976ರಲ್ಲಿ ಅವರು ಹೋದದ್ದು ಹೆಲ್ಸಿಂಕಿಯ ಸಂಗೀತ ವಿದ್ಯಾಲಯವಾದ ಸಿಬೆಲಿಯಸ್ ಅಕಾಡೆಮಿಯ ಪಾವೊ ಹೈನಿನೆನ್ ಅವರ ಬಳಿ. ತರಗತಿ ಭರ್ತಿಯಾಗಿತ್ತು. ಸೇರಿಸಿಕೊಳ್ಳುವ ತನಕ ಕೋಣೆ ಬಿಟ್ಟು ಕದಲುವುದಿಲ್ಲ ಎಂದು ಹಠ ಹಿಡಿದು ಕೂತರಂತೆ. ಹೈನಿನೆನ್ ಸೇರಿಸಿಕೊಂಡರು. ಆದರೆ ನೀನು ಹೇಗೂ ಮದುವೆಯಾಗಿ ಹೋಗುವವಳು, ನಿನಗೆ ಕಲಿಸಿ ಏನು ಪ್ರಯೋಜನ ಎನ್ನುವ ಧಾಟಿಯ ಮಾತನ್ನು ಆ ದಿನಗಳಲ್ಲಿ ಬೇರೆ ಅಧ್ಯಾಪಕರಿಂದ ಕೇಳಬೇಕಾಯಿತು ಎಂದು ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಮಾತು ನಮಗೂ ಹೊಸದಲ್ಲ ಅಲ್ವಾ?

ಹೆಲ್ಸಿಂಕಿಯಲ್ಲಿ ಆಗ ಒಂದು ಚುರುಕು ಗುಂಪಿತ್ತು. 1977ರಲ್ಲಿ ಮಾಗ್ನುಸ್ ಲಿಂಡ್‌ಬೆರಿ, ಎಸಾ-ಪೆಕ್ಕಾ ಸಾಲೊನೆನ್ ಮೊದಲಾದ ಗೆಳೆಯರೊಂದಿಗೆ ಸೇರಿ ಒಂದು ಬಳಗ ಕಟ್ಟಿದರು. ಹೆಸರು ಕೊರ್ವತ್ ಔಕಿ. ಅಂದರೆ 'ಕಿವಿ ತೆರೆಯಿರಿ'! ಅಲ್ಲಿಂದ ಜರ್ಮನಿಯ ಫ್ರೈಬುರ್ಗ್‌ಗೆ ಹೋಗಿ ಕ್ಲಾಸ್ ಹೂಬರ್, ಬ್ರಯನ್ ಫರ್ನಿಹೋ ಅವರ ಬಳಿ ಕಲಿತರು. ಆ ಕಾಲದ ಯುರೋಪಿನಲ್ಲಿ ಹೊಸ ಸಂಗೀತ ಎಂದರೆ ಲೆಕ್ಕಾಚಾರ ಜಾಸ್ತಿ. ಸ್ವರಗಳನ್ನು ಸರಣಿಯಲ್ಲಿ ಜೋಡಿಸುವ ನಿಯಮಗಳು, ನುಡಿಸುವವರ ಬೆವರಿಳಿಸುವ ಗೋಜಲು ಲಯಗಳು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಕಿವಿಗೆ ತಲುಪುವುದು ಎಷ್ಟು ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು.

ಉತ್ತರ ಸಿಕ್ಕಿದ್ದು 1980ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಹೊಸ ಸಂಗೀತದ ಬೇಸಿಗೆ ಶಿಬಿರದಲ್ಲಿ. ಅಲ್ಲಿ ಫ್ರಾನ್ಸಿನ ಜೆರಾರ್ ಗ್ರಿಸೆ ಮತ್ತು ತ್ರಿಸ್ತಾಂ ಮುರೈ ಅವರ ಸಂಗೀತ ಕೇಳಿದರು. ಇವರ ದಾರಿಗೆ ಸ್ಪೆಕ್ಟ್ರಲ್ ಸಂಗೀತ ಎನ್ನುತ್ತಾರೆ. ಹೆಸರು ಭಾರಿಯಾಗಿದ್ದರೂ ವಿಷಯ ನಮ್ಮ ತಂಬೂರಿಯದ್ದೇ. ಷಡ್ಜದ ತಂತಿಯೊಂದು ಸೆಕೆಂಡಿಗೆ 130 ಸಲ ಕಂಪಿಸುತ್ತದೆ ಎಂದುಕೊಳ್ಳಿ. ಅದು ಬರೀ 130ರ ನಾದವನ್ನಷ್ಟೇ ಕೊಡುವುದಿಲ್ಲ. ಜೊತೆಗೆ 260, 390, 520, 650 ಹೀಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳೂ ಸಣ್ಣಗೆ ಹೊಮ್ಮುತ್ತವೆ. ಮೂರನೆಯದು ಪಂಚಮ. ಐದನೆಯದು ನಮ್ಮ ಮೇಷ್ಟ್ರು ಹುಡುಕುತ್ತಿದ್ದ ಗಾಂಧಾರ. ಈ ಉಪಸ್ವರಗಳಲ್ಲಿ ಯಾವುದು ಎಷ್ಟು ಜೋರಾಗಿದೆ ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ. ಅದೇ ಷಡ್ಜ ವೀಣೆಯಲ್ಲಿ ಒಂದು ಥರ, ಕೊಳಲಿನಲ್ಲಿ ಇನ್ನೊಂದು ಥರ ಕೇಳುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಗ್ರಿಸೆ, ಮುರೈ ಮಾಡಿದ್ದಿಷ್ಟು: ಒಂದು ನಾದವನ್ನು ಯಂತ್ರದಿಂದ ಬಿಡಿಸಿ ನೋಡಿ, ಅದರೊಳಗಿನ ಉಪಸ್ವರಗಳನ್ನು ಇಡೀ ಆರ್ಕೆಸ್ಟ್ರಾಕ್ಕೆ ಹಂಚಿದರು.

1982ರಲ್ಲಿ ಸಾರಿಯಾಹೊ ಪ್ಯಾರಿಸ್‌ಗೆ ಬಂದರು. ಪಿಯೆರ್ ಬುಲೆಜ್ ಕಟ್ಟಿದ ಇರ್ಕಾಂ ಎಂಬ ಸಂಶೋಧನಾ ಕೇಂದ್ರ ಅಲ್ಲಿತ್ತು. ಕಂಪ್ಯೂಟರಿನಲ್ಲಿ ನಾದವನ್ನು ಬಿಡಿಸುವುದು, ಹೊಸದಾಗಿ ಕಟ್ಟುವುದು ಅಲ್ಲಿನ ಕೆಲಸ. ಪ್ಯಾರಿಸ್ ಅವರಿಗೆ ಮನೆಯೇ ಆಗಿಬಿಟ್ಟಿತು. ಅದೇ ಕೇಂದ್ರದಲ್ಲಿದ್ದ ಸಂಯೋಜಕ ಜಾನ್-ಬಾಪ್ತಿಸ್ತ್ ಬಾರಿಯೆರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು.

ಇಲ್ಲಿ ಅವರು ಕಂಡುಕೊಂಡ ಒಂದು ವಿಚಾರ ನನಗೆ ತುಂಬಾ ಇಷ್ಟ. ಹಳೆಯ ಪಾಶ್ಚಾತ್ಯ ಸಂಗೀತದಲ್ಲಿ ಬಿಗಿ ಮತ್ತು ಸಡಿಲ ಬರುತ್ತಿದ್ದದ್ದು ಸ್ವರಮೇಳದಿಂದ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದರಿಂದ. ಕರ್ಕಶವಾದ ಮೇಳ ಬಿಗಿ ತರುತ್ತದೆ, ಇಂಪಾದ ಮೇಳ ಬಿಡುಗಡೆ ಕೊಡುತ್ತದೆ. ಆ ಕೆಲಸವನ್ನು ನಾದದ ಗುಣವೇ ಮಾಡಬಹುದಲ್ಲ ಎಂದರು ಸಾರಿಯಾಹೊ. ಒಂದು ತುದಿಯಲ್ಲಿ ಶುದ್ಧವಾದ, ಗಾಜಿನಂಥ ಸ್ವರ. ಇನ್ನೊಂದು ತುದಿಯಲ್ಲಿ ಉಸಿರು, ಕೆರೆತ, ಗದ್ದಲ. ಇವೆರಡರ ನಡುವೆ ಹೋಗಿಬರುವುದೇ ಸಂಗೀತದ ನಡೆ. 1987ರಲ್ಲಿ ಇದನ್ನು ಲೇಖನವಾಗಿಯೂ ಬರೆದರು.

ಕೇಳಿ ನೋಡಬೇಕೆಂದರೆ 1986ರ 'ಲಿಖ್ಟ್‌ಬೋಗನ್' ತೆಗೆದುಕೊಳ್ಳಿ. ಉತ್ತರ ಧ್ರುವದ ಕಡೆಯ ರಾತ್ರಿಯಾಕಾಶದಲ್ಲಿ ಬಣ್ಣದ ಬೆಳಕು ಅಲೆಯಾಡುವುದನ್ನು ಕಂಡಾಗ ಹೊಳೆದ ಕೃತಿ. ನುಡಿಸುವವರು ಒಂಬತ್ತೇ ಜನ, ಜೊತೆಗೆ ಎಲೆಕ್ಟ್ರಾನಿಕ್ಸ್. ಚೆಲ್ಲೊದ ಒಂದು ತೆಳು ಸ್ವರದ ಮೇಲೆ ಕಮಾನನ್ನು ನಿಧಾನವಾಗಿ ಒತ್ತುತ್ತಾ ಹೋದರೆ ಅದು ಒಡೆದು ಗರಗರ ಸದ್ದಾಗುತ್ತದೆ. ಆ ಒಡೆಯುವ ಗಳಿಗೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಅಲ್ಲಿ ಸಿಕ್ಕ ಸ್ವರಗಳಿಂದಲೇ ಇಡೀ ಕೃತಿಯ ಮೇಳವನ್ನು ಕಟ್ಟಿದ್ದಾರೆ. ನಾನು ಮೊದಲು ಕೇಳಿದಾಗ ರಾಗ ಎಲ್ಲಿದೆ, ತಾಳ ಎಲ್ಲಿದೆ ಎಂದು ಹುಡುಕಿ ಸುಸ್ತಾದೆ. ಎರಡನೇ ಸಲ ದೀಪ ಆರಿಸಿ, ತಂಬೂರಿ ಕೇಳುವ ಹಾಗೆ ಕೇಳಿದೆ. ಕೊಳಲಿನ ಉಸಿರು ಎಲ್ಲಿ ನಿಂತಿತು, ಪಿಟೀಲಿನ ಸ್ವರ ಎಲ್ಲಿ ಶುರುವಾಯಿತು ಎಂದು ಹೇಳಲಾಗಲಿಲ್ಲ. ಮೈ ಜುಮ್ಮೆಂದಿತು.

ಒಪೆರಾ ಬರೆಯುವ ಯೋಚನೆ ಅವರಿಗೆ ಬಹಳ ಕಾಲ ಇರಲಿಲ್ಲ. 1992ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ಉತ್ಸವದಲ್ಲಿ ಪೀಟರ್ ಸೆಲ್ಲರ್ಸ್ ನಿರ್ದೇಶಿಸಿದ, ಫ್ರೆಂಚ್ ಸಂಯೋಜಕ ಮೆಸ್ಸಿಯಾನರ ಒಪೆರಾ ನೋಡಿದರು. ಸಂತ ಫ್ರಾನ್ಸಿಸ್‌ನ ಕಥೆ. ಹೊರಗೆ ಏನೂ ಹೆಚ್ಚು ನಡೆಯದೆ ಒಳಗೇ ಎಲ್ಲ ನಡೆಯುವ ಒಪೆರಾವೂ ಸಾಧ್ಯ ಎಂದು ಆಗ ಧೈರ್ಯ ಬಂತು. ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಡಾನ್ ಅಪ್‌ಶಾ ಅವರ ದನಿಯೂ ಹುರುಪು ಕೊಟ್ಟಿತು. ಅವರಿಗಾಗಿ 1996ರಲ್ಲಿ ಬರೆದ 'ಶಾತೊ ದ ಲಾಮ್' ಹಾಡುಗಳಿಗೆ ಸಾರಿಯಾಹೊ ಆರಿಸಿಕೊಂಡದ್ದು ಪ್ರಾಚೀನ ಭಾರತ ಮತ್ತು ಈಜಿಪ್ಟಿನ ಪಠ್ಯಗಳನ್ನು.

'ಲಾಮೂರ್ ದ ಲ್ವಾಂ', ಅಂದರೆ 'ದೂರದ ಪ್ರೀತಿ', 2000ದ ಆಗಸ್ಟ್‌ನಲ್ಲಿ ಸಾಲ್ಜ್‌ಬುರ್ಗ್‌ನಲ್ಲಿ ರಂಗಕ್ಕೆ ಬಂತು. ಸಾಹಿತ್ಯ ಲೆಬನಾನ್ ಮೂಲದ ಬರಹಗಾರ ಅಮೀನ್ ಮಾಲೂಫ್ ಅವರದ್ದು. ಕಥೆ 12ನೇ ಶತಮಾನದ ಕವಿ ಜಾಫ್ರೆ ರುಡೆಲ್‌ನದ್ದು. ಫ್ರಾನ್ಸಿನಲ್ಲಿದ್ದ ಅವನು ಕಡಲಾಚೆಯ ಟ್ರಿಪೋಲಿಯ (ಈಗಿನ ಲೆಬನಾನಿನ ಊರು) ಒಡತಿಯಾದ ಕೌಂಟೆಸ್ ಒಬ್ಬಳನ್ನು ಕಾಣದೆಯೇ ಪ್ರೀತಿಸುತ್ತಾನೆ. ಇಬ್ಬರ ನಡುವೆ ಸುದ್ದಿ ಒಯ್ಯುವವನು ಒಬ್ಬ ಯಾತ್ರಿಕ. ನಳ ದಮಯಂತಿಯರ ಹಂಸ ನೆನಪಾಗದೇ ಇರುತ್ತದೆಯೇ? ಆದರೆ ಇಲ್ಲಿ ಸ್ವಯಂವರವಿಲ್ಲ. ಕವಿ ಹಡಗಿನಲ್ಲೇ ಕಾಯಿಲೆ ಬಿದ್ದು, ದಡ ಸೇರಿ, ಅವಳ ತೋಳಿನಲ್ಲಿ ಪ್ರಾಣ ಬಿಡುತ್ತಾನೆ. ಎರಡು ಗಂಟೆಯ ಒಪೆರಾದಲ್ಲಿ ಹಾಡುವ ಪಾತ್ರಗಳು ಮೂರೇ. ಉಳಿದದ್ದೆಲ್ಲ ಕಡಲು. ಆರ್ಕೆಸ್ಟ್ರಾವೇ ಕಡಲು. ಈ ಕೃತಿಗೆ 2003ರಲ್ಲಿ ಸಂಯೋಜನೆಗೆ ಕೊಡುವ ಗ್ರಾವಮೆಯರ್ ಪ್ರಶಸ್ತಿ ಬಂತು.

ಇದೇ ಒಪೆರಾ 2016ರ ಡಿಸೆಂಬರ್ 1ರಂದು ಮೆಟ್ರೊಪಾಲಿಟನ್ ಒಪೆರಾವನ್ನು ತಲುಪಿತು. ವೇದಿಕೆಯ ಉದ್ದಗಲಕ್ಕೆ ಎಲ್ಇಡಿ ದೀಪದ ಸರಗಳನ್ನು ಎಳೆದು ನಿರ್ದೇಶಕ ರಾಬರ್ ಲಪಾಜ್ ಕಡಲು ಮಾಡಿದ್ದರು. ಆರ್ಕೆಸ್ಟ್ರಾ ನಡೆಸಿದವರು ಫಿನ್‌ಲೆಂಡಿನವರೇ ಆದ ಸುಸಾನಾ ಮಾಲ್ಕಿ. ಆ ಮನೆಯಲ್ಲಿ ಒಬ್ಬ ಹೆಂಗಸು ಬರೆದ ಒಪೆರಾ ಅದಕ್ಕೂ ಮೊದಲು ನಡೆದದ್ದು 1903ರಲ್ಲಿ. ಇಂಗ್ಲೆಂಡಿನ ಎಥೆಲ್ ಸ್ಮೈತ್ ಅವರ 'ಡೆರ್ ವಾಲ್ಟ್'. ನಡುವೆ 113 ವರ್ಷ.

ಎಥೆಲ್ ಸ್ಮೈತ್ ಅವರ ಕಥೆ ಓದಿದಾಗ ನನಗೆ ಹೈನಿನೆನ್ ಅವರ ಕೋಣೆಯೇ ಕಣ್ಣಿಗೆ ಕಟ್ಟಿತು. ಸ್ಮೈತ್ ಅವರ ಅಪ್ಪ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಮಗಳು ಜರ್ಮನಿಗೆ ಹೋಗಿ ಸಂಯೋಜನೆ ಕಲಿಯುವುದು ಅವರಿಗೆ ಸುತರಾಂ ಒಪ್ಪಿಗೆ ಇರಲಿಲ್ಲ. ಹುಡುಗಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಮನೆಯವರೊಂದಿಗೆ ಊಟ ಇಲ್ಲ, ಮಾತಿಲ್ಲ. ಕೊನೆಗೆ ಅಪ್ಪ ಸೋತರು, 1877ರಲ್ಲಿ ಆಕೆ ಲೈಪ್‌ಜಿಗ್ ಸೇರಿದರು. ಹೆಂಗಸರ ಮತದ ಹಕ್ಕಿನ ಚಳವಳಿಗೆ ಹಾಡು ಕಟ್ಟಿಕೊಟ್ಟರು, 1912ರಲ್ಲಿ ಜೈಲಿಗೂ ಹೋದರು. ಒಬ್ಬಳು ಬಾಗಿಲು ಹಾಕಿಕೊಂಡು ಕೂತಳು. ನೂರು ವರ್ಷಗಳ ನಂತರ ಇನ್ನೊಬ್ಬಳು ಬಾಗಿಲು ಬಿಟ್ಟು ಏಳದೆ ಕೂತಳು. ಇಬ್ಬರೂ ಕೇಳಿದ್ದು ಪಾಠ ಹೇಳಿಕೊಡಿ ಎಂದು, ಅಷ್ಟೇ.

ಇಷ್ಟು ವರ್ಷ ಯಾಕೆ ಬೇಕಾಯಿತು? ಒಪೆರಾ ದುಬಾರಿ ಕಲೆ. ಕಾದಂಬರಿಯನ್ನು ಅಡುಗೆಮನೆಯಲ್ಲಿ ಕೂತು ಬರೆದಿಟ್ಟುಕೊಳ್ಳಬಹುದು, ಇವತ್ತಲ್ಲ ನಾಳೆ ಯಾರಾದರೂ ಓದುತ್ತಾರೆ. ಒಪೆರಾ ಹಾಗಲ್ಲ. ಗಾಯಕರು, ಮೇಳದವರು, ಆರ್ಕೆಸ್ಟ್ರಾ, ರಂಗಸಜ್ಜಿಕೆ, ತಿಂಗಳುಗಟ್ಟಲೆ ತಾಲೀಮು ಇಲ್ಲದಿದ್ದರೆ ಅದು ಬರೀ ಕಾಗದ. ಹಣ ಹಾಕುವವರು ಹೆಸರು ಮಾಡಿದವರನ್ನು ಹುಡುಕುತ್ತಾರೆ. ಹೆಸರು ಮಾಡಬೇಕಾದರೆ ಮೊದಲು ಯಾರಾದರೂ ಅವಕಾಶ ಕೊಡಬೇಕು. ಅದಕ್ಕೂ ಮೊದಲು ಪಾಠ ಸಿಗಬೇಕು. ಸರಪಳಿಯ ಮೊದಲ ಕೊಂಡಿಯಲ್ಲೇ ತಡೆ ಇದ್ದರೆ ಕೊನೆಯ ಕೊಂಡಿಗೆ ತಲುಪುವವರು ಎಷ್ಟು ಮಂದಿ?

ಸಾರಿಯಾಹೊ ಅವರಿಗೆ 'ಮಹಿಳಾ ಸಂಯೋಜಕಿ' ಎಂಬ ಹಣೆಪಟ್ಟಿ ಹಿಡಿಸುತ್ತಿರಲಿಲ್ಲ. ನನ್ನ ಸಂಗೀತದ ಬಗ್ಗೆ ಮಾತಾಡಿ ಎನ್ನುತ್ತಿದ್ದರು. ಆದರೆ ಮೆಟ್ರೊಪಾಲಿಟನ್ ಪ್ರದರ್ಶನದ ಹೊತ್ತಿಗೆ, ಇನ್ನೂ ಪರಿಸ್ಥಿತಿ ಹೀಗಿರುವಾಗ ಮಾತಾಡಲೇಬೇಕು ಎಂಬ ಕಡೆಗೆ ಬಂದಿದ್ದರು. ಅವರ ಈ ಬದಲಾವಣೆಯನ್ನು ನಾನು ಗೌರವಿಸುತ್ತೇನೆ. 2018ರಲ್ಲಿ ಮೆಟ್ರೊಪಾಲಿಟನ್ ಒಪೆರಾ ಅಮೆರಿಕದ ಸಂಯೋಜಕಿಯರಾದ ಮಿಸ್ಸಿ ಮಝೋಲಿ, ಜನೀನ್ ಟೆಸೋರಿ ಇಬ್ಬರಿಗೂ ಹೊಸ ಒಪೆರಾ ಬರೆಯಲು ಕರೆ ಕೊಟ್ಟಿತು. ಟೆಸೋರಿ ಅವರ ಒಪೆರಾದಿಂದಲೇ 2024ರ ಋತು ಶುರುವಾಯಿತು.

ಹೆಣ್ಣಾಗಿರುವುದು ಅವರ ಸಂಗೀತದೊಳಗೆ ಬಂದೇ ಇಲ್ಲ ಎಂದಲ್ಲ. ಬಸುರಿಯಾಗಿದ್ದಾಗ ತನ್ನೊಳಗೆ ಎರಡು ಎದೆಬಡಿತ ಇರುವ ಅನುಭವ ಅವರ ಮನಸ್ಸಿನಲ್ಲಿ ಉಳಿದಿತ್ತು. ಒಂದು ನಿಧಾನ, ಇನ್ನೊಂದು ಚುರುಕು. 2006ರ 'ಆದ್ರಿಯಾನಾ ಮಾತೆರ್' ಒಪೆರಾ ಬೆಳೆದದ್ದು ಅದರಿಂದ. ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ ತಾಯಿ, ಹುಟ್ಟಲಿರುವ ಮಗು ಅಪ್ಪನಂತಾಗುತ್ತದೋ ಎಂಬ ಅವಳ ಭಯ. ಆರ್ಕೆಸ್ಟ್ರಾದಲ್ಲಿ ಎರಡು ಲಯಗಳು ಒಂದರ ಮೇಲೊಂದು ಬಡಿಯುತ್ತವೆ. ತಾಳ ಬಲ್ಲವರಿಗೆ ಅದು ಬೇಗ ಕೈಗೆ ಸಿಗುತ್ತದೆ.

ಕೊನೆಯ ಒಪೆರಾ 'ಇನೊಸೆನ್ಸ್' 2021ರ ಜುಲೈನಲ್ಲಿ ಫ್ರಾನ್ಸಿನ ಎಕ್ಸ್-ಆಂ-ಪ್ರೊವಾನ್ಸ್‌ನಲ್ಲಿ ನಡೆಯಿತು. ಕೋವಿಡ್‌ನಿಂದ ಒಂದು ವರ್ಷ ತಡವಾಗಿತ್ತು. ಕಥೆ ಹೀಗಿದೆ: ಹೆಲ್ಸಿಂಕಿಯ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದು ಹತ್ತು ವರ್ಷವಾಗಿದೆ. ಒಂದು ಮದುವೆಯ ದಿನ. ವರ ಆ ಗುಂಡು ಹಾರಿಸಿದವನ ಸಹೋದರ. ಊಟ ಬಡಿಸಲು ಬಂದ ಹೆಂಗಸು ಸತ್ತ ಹುಡುಗಿಯೊಬ್ಬಳ ತಾಯಿ. ಸೋಫಿ ಒಕ್ಸಾನೆನ್ ಬರೆದ ಈ ಕಥೆಯಲ್ಲಿ ಪಾತ್ರಗಳು ಒಂಬತ್ತು ಭಾಷೆ ಆಡುತ್ತವೆ. ಕೆಲವರು ಹಾಡುತ್ತಾರೆ, ಕೆಲವರು ಬರೀ ಮಾತಾಡುತ್ತಾರೆ. ಸತ್ತ ಹುಡುಗಿ ಮಾರ್ಕೆತಾ ಹಾಡುವುದು ಮಾತ್ರ ಒಪೆರಾ ಗಾಯಕಿಯಂತಲ್ಲ. ಆ ಪಾತ್ರ ಮಾಡಿದವರು ಜಾನಪದ ಗಾಯಕಿ ವಿಲ್ಮಾ ಯಾ. ಕಾಡಂಚಿನಲ್ಲಿ ದನಗಳನ್ನು ಕೂಗಿ ಕರೆಯುವ ಫಿನ್‌ಲೆಂಡಿನ ಹಳೆಯ ಕೂಗು ಅವಳ ದನಿಯಲ್ಲಿದೆ. ಇಷ್ಟೆಲ್ಲ ಕಂಪ್ಯೂಟರು, ಪ್ಯಾರಿಸ್ಸು ದಾಟಿ ಬಂದ ಮೇಲೆ ಆ ಕೂಗು ಕೇಳುವಾಗ ಗಂಟಲು ಕಟ್ಟುತ್ತದೆ.

ಅಷ್ಟರಲ್ಲಿ, 2021ರ ಫೆಬ್ರವರಿಯಲ್ಲೇ, ಅವರಿಗೆ ಮೆದುಳಿನ ಕ್ಯಾನ್ಸರ್ ಇದೆ ಎಂದು ಗೊತ್ತಾಗಿತ್ತು. ಹೊರಗೆ ಹೇಳಿಕೊಳ್ಳಲಿಲ್ಲ. 2019ರಲ್ಲಿ ಬಿಬಿಸಿ ಮ್ಯೂಸಿಕ್ ಪತ್ರಿಕೆ ಎಲ್ಲ ಕಾಲದ ಶ್ರೇಷ್ಠ ಸಂಯೋಜಕರು ಯಾರು ಎಂದು ಸಂಯೋಜಕರಿಂದಲೇ ಮತ ಕೇಳಿದಾಗ, ಆಗ ಬದುಕಿದ್ದವರಲ್ಲಿ ಎಲ್ಲರಿಗಿಂತ ಮೇಲೆ ಬಂದ ಹೆಸರು ಇವರದ್ದು. ಅಂಥ ಹೊತ್ತಿನಲ್ಲಿ ಬಂದ ಕಾಯಿಲೆ. ಆದರೂ ಜಾಸ್ ಟ್ರಂಪೆಟ್ ವಾದಕ ವೆರ್ನೆರಿ ಪೊಹ್ಯೊಲಾ ಅವರಿಗಾಗಿ ಕೊನೆಯ ಕಾನ್ಸರ್ಟೊ, ಅಂದರೆ ಆರ್ಕೆಸ್ಟ್ರಾದ ಜೊತೆ ಒಂಟಿ ವಾದ್ಯ ನುಡಿಯುವ ಕೃತಿ, ಬರೆದು ಮುಗಿಸಿದರು. ಹೆಸರು 'ಹಶ್'. 2023ರ ಜೂನ್ 2ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ 'ಹಶ್' ಮೊದಲ ಸಲ ಕೇಳಿಸಿತು.

ಹೆಲ್ಸಿಂಕಿಯ ಮ್ಯೂಸಿಕ್ ಸೆಂಟರ್‌ನ ದೊಡ್ಡ ಸಭಾಂಗಣದಲ್ಲಿ ಆರ್ಗನ್ ಇರಲಿಲ್ಲ. 2017ರಲ್ಲಿ ಸಾರಿಯಾಹೊ ಅದಕ್ಕಾಗಿ ಹತ್ತು ಲಕ್ಷ ಯೂರೊ ಕೊಟ್ಟರು. ಆಮೇಲೆ ಉಳಿದವರೂ ಕೈಜೋಡಿಸಿದರು. ಆರ್ಗನ್ ಎಂದರೆ ಉಪಸ್ವರಗಳನ್ನು ಕೊಳವೆ ಕೊಳವೆಯಾಗಿ ಎದುರಿಗೆ ನಿಲ್ಲಿಸಿದ ವಾದ್ಯ. ಷಡ್ಜದ ಕೊಳವೆ ತೆರೆದು ಅದರ ಮೇಲೆ ಪಂಚಮದ್ದನ್ನು, ಗಾಂಧಾರದ್ದನ್ನು ಬೇಕಾದಷ್ಟೇ ಬೆರೆಸಬಹುದು. ಚಿಕ್ಕಂದಿನಲ್ಲಿ ಅವರು ಕಲಿತ ವಾದ್ಯಗಳಲ್ಲಿ ಅದೂ ಒಂದು. ಹೊಸ ಆರ್ಗನ್ ಮೊದಲ ಸಲ ಜನರೆದುರು ನುಡಿದದ್ದು 2024ರ ಜನವರಿಯಲ್ಲಿ, ಅವರು ಹೋಗಿ ಏಳು ತಿಂಗಳಾದ ಮೇಲೆ.