ಮದ್ದು ಬಿಡುವ ಹೊತ್ತಿಗೆ ಹವಳ ಮುದುಡಿದರೆ

ಜೂನ್ ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಿಂದ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಧಾಟಿಯವು: “ಅಣ್ಣಾ, ಲೆದರ್ ಕೋರಲ್ ಮುದುಡಿಕೊಂಡು ಕೂತಿದೆ. ಲೈಟ್ ಸಾಲದೋ ಏನೋ.” ಲೆದರ್ ಎಂದರೆ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ, ತೊಗಲಿನಂಥ ಮೆತ್ತನೆ ಹವಳ. ನಾನು ಲೈಟಿನ ಸುದ್ದಿಗೇ ಹೋಗುವುದಿಲ್ಲ. ತೋಟಕ್ಕೆ ಮದ್ದು ಬಿಟ್ಟಾಯಿತಾ, ಟ್ಯಾಂಕಿಗೆ ಉಪ್ಪುನೀರು ಕಲಸಿದ ಬಕೆಟ್ ಯಾವುದು, ಕಲಸಿದ ಕೈ ಯಾರದು ಎಂದು ಕೇಳುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತು ಎಂದರೆ ತಾಮ್ರದ ಲವಣ. ಕೊಳೆಯನ್ನು ತಡೆಯುವ ಅದೇ ತಾಮ್ರ ಹವಳಕ್ಕೆ, ಸಿಗಡಿಗೆ, ಬಸವನಹುಳಕ್ಕೆ ತೀರಾ ಅಲ್ಪ ಪ್ರಮಾಣದಲ್ಲೂ ವಿಷ. ಮದ್ದು ಮೆತ್ತಿದ ಬಕೆಟಿನಿಂದ, ಕೈಯಿಂದ ಅದು ಟ್ಯಾಂಕಿಗೆ ಇಳಿಯಬಹುದು. ಮೀನು ತಾಮ್ರವನ್ನು ಎಷ್ಟೋ ಹೆಚ್ಚು ತಡೆದುಕೊಳ್ಳುತ್ತದೆ. ಬಿಳಿಚುಕ್ಕೆ ರೋಗಕ್ಕೆ ಮೀನನ್ನು ಬೇರೆ ತೊಟ್ಟಿಯಲ್ಲಿಟ್ಟು ತಾಮ್ರದಿಂದಲೇ ಚಿಕಿತ್ಸೆ ಮಾಡುವುದುಂಟು. ಹಾಗಾಗಿ “ಮೀನು ಆರಾಮಾಗಿದೆಯಲ್ಲ” ಎಂಬ ಸಮಾಧಾನ ನನಗೆ ಸಾಲದು. ಸಿಗಡಿ ಸತ್ತಿದೆಯೇ, ಬಸವನಹುಳ ಗಾಜಿನಿಂದ ಕಳಚಿ ಬಿದ್ದಿದೆಯೇ ನೋಡಬೇಕು. ಬಿದ್ದಿದ್ದರೆ ತಾಮ್ರದ ಟೆಸ್ಟ್ ಕಿಟ್ ತರಿಸಿ. ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿ, ತಾಮ್ರ ಹೀರುವ ರೆಸಿನ್ ಮತ್ತು ನೀರು ಶುದ್ಧ ಮಾಡುವ ಹೊಸ ಕಾರ್ಬನ್ (ಇದ್ದಿಲು) ಹಾಕಿ. ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿದ, ಟ್ಯಾಂಕಿನೊಳಗಿನ ಕಲ್ಲು) ತಾಮ್ರವನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವುದರಿಂದ ಒಂದು ಸಲ ನೀರು ಬದಲಿಸಿದರೆ ಕೆಲಸ ಮುಗಿಯುವುದಿಲ್ಲ.

ಟೆಸ್ಟಿನಲ್ಲಿ ತಾಮ್ರ ಕಾಣದಿದ್ದರೆ ನೀರಿನ ಉಪ್ಪಿನಂಶ ಅಳೆಯಿರಿ. ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ದುಡ್ಡು ಉಳಿಸಲು ಕಾಸರಗೋಡು ಕಡಲಿನ ನೀರು ತರುವವರಿದ್ದಾರೆ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಸೇರುವ ಕಡೆ ಆ ನೀರು ಸಪ್ಪೆಯಾಗಿ, ಕೆಂಪು ಮಣ್ಣಿನಿಂದ ಕದಡಿರುತ್ತದೆ. ಆರ್‌ಓ ನೀರಿಗೆ ಸಾಲ್ಟ್ ಮಿಕ್ಸ್ ಕಲಸುವುದೇ ಒಳ್ಳೆಯದು. ಕಡಲಿನಿಂದ ಹವಳವನ್ನಂತೂ ತರಲೇಬೇಡಿ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯಿಂದ ತಂದದ್ದಕ್ಕೂ ಬಿಲ್ಲು, ಕಾಗದಪತ್ರ ಕೇಳಿ ಇಟ್ಟುಕೊಳ್ಳಿ.

ಇನ್ನು, ಮುದುಡಿದ್ದೆಲ್ಲ ಕಾಯಿಲೆಯಲ್ಲ. ಅಣಬೆಯ ಹಾಗಿರುವ ಟೋಡ್‌ಸ್ಟೂಲ್ ಲೆದರ್ ಆಗಾಗ ಪಾಲಿಪ್ (ಹೂವಿನಂಥ ಪುಟ್ಟ ಬಾಯಿಗಳು) ಒಳಗೆಳೆದುಕೊಂಡು, ಮೇಲೆ ಮೇಣದಂಥ ಹೊಳೆಯುವ ಪೊರೆ ಕಟ್ಟಿ, ಕೆಲವು ದಿನಗಳ ನಂತರ ಅದನ್ನು ಕಳಚುತ್ತದೆ. ಆಗ ನೀರಿಗೆ ಓಟ ಕೊಡುವ ವೇವ್‌ಮೇಕರ್ ಸ್ವಲ್ಪ ಅದರತ್ತ ತಿರುಗಿಸಿದರೆ ಸಾಕು. ಬುಡ ಕಪ್ಪಾಗಿ ಲೊಳಲೊಳ ಆಗಿದ್ದರೆ, ಮೂಗಿಗೆ ಹತ್ತಿರ ಹಿಡಿದಾಗ ಕೊಳೆತ ವಾಸನೆ ಬಂದರೆ ಮಾತ್ರ ಬ್ಲೇಡ್ ಎತ್ತಿ. ಆಮೇಲೆ ತಡಮಾಡಬಾರದು, ಕೊಳೆ ಮೇಲಕ್ಕೆ ಹತ್ತುತ್ತದೆ.

ಟ್ಯಾಂಕಿನದ್ದೇ ನೀರನ್ನು ಬೇಸಿನ್ನಿಗೆ ತೆಗೆದು, ಕೈಗವಸು, ಕನ್ನಡಕ ಹಾಕಿ ಅದರಲ್ಲೇ ಕೊಯ್ಯಿರಿ. ಹೊಸ ಬ್ಲೇಡೇ ಆಗಬೇಕು. ಕೊಳೆತ ಗೆರೆಯ ಮೇಲೆ ಕೊಯ್ದರೆ ಸಾಲದು, ಗಟ್ಟಿ ಮಾಂಸದೊಳಗೆ ಒಂದು ಸೆಂಟಿಮೀಟರ್‌ನಷ್ಟು ಸೇರಿಸಿ ಕೊಯ್ಯಬೇಕು. ಕೊಯ್ದ ಮುಖ ಒಂದೇ ಬಣ್ಣಕ್ಕಿದ್ದರೆ ಸರಿ. ಕಂದು ಚುಕ್ಕೆ ಕಂಡರೆ ಇನ್ನೊಂದು ಪದರ ತೆಗೆಯಿರಿ. ಹವಳಕ್ಕೆಂದೇ ಬರುವ ಅಯೋಡಿನ್ ದ್ರಾವಣದಲ್ಲಿ ಬಾಟಲಿ ಮೇಲೆ ಬರೆದ ಲೆಕ್ಕಕ್ಕೆ ಅದ್ದಿ, ಬೇರೆ ಟ್ಯಾಂಕ್ ನೀರಿನಲ್ಲಿ ತೊಳೆಯಿರಿ. ಆ ಬೇಸಿನ್ನಿನ ನೀರು ಟ್ಯಾಂಕಿಗೆ ವಾಪಸು ಹೋಗಬಾರದು.

ಹೆಚ್ಚಿನವರು ಸೋಲುವುದು ಅಂಟಿಸುವಲ್ಲಿ. ಲೆದರ್ ಲೋಳೆ ಬಿಡುವುದರಿಂದ ಸೂಪರ್ ಗ್ಲೂ ಜೆಲ್ ಹಿಡಿಯುವುದಿಲ್ಲ, ಮರುದಿನ ಬೆಳಿಗ್ಗೆ ತುಂಡು ಪಂಪಿನ ಬಾಯಲ್ಲಿರುತ್ತದೆ. ತುಂಡನ್ನು ಒರಟು ಕಲ್ಲಿನ ಮೇಲಿಟ್ಟು, ತೆಳು ಬಲೆಬಟ್ಟೆ ಹೊದಿಸಿ, ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ; ಬಿಗಿದರೆ ಅಲ್ಲೇ ಕತ್ತರಿಸಿ ಹೋಗುತ್ತದೆ. ಒಂದೆರಡು ವಾರದಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ನೀರಿನ ಓಟ ಹದವಾಗಿರಲಿ, ಲೈಟ್ ಮೊದಲಿಗಿಂತ ಕಡಿಮೆ ಇರಲಿ.

ಆರೋಗ್ಯವಂತ ಲೆದರನ್ನು ದಾಸವಾಳದ ಗೆಲ್ಲು ಕಡಿದು ನೆಟ್ಟ ಹಾಗೆ ಬೇಕಾದಷ್ಟು ತುಂಡು ಮಾಡಬಹುದು. ಕಾಯಿಲೆ ಬಿದ್ದದ್ದನ್ನು ಹಾಗೆ ಮಾಡಬೇಡಿ, ಒಂದೋ ಎರಡೋ ದೊಡ್ಡ ತುಂಡು ಸಾಕು. ಕೊಯ್ದ ಲೆದರ್ ನೀರಿಗೆ ಬಿಡುವ ರಾಸಾಯನಿಕ ಪಕ್ಕದ ಹವಳಗಳಿಗೆ ಆಗಿಬರುವುದಿಲ್ಲ, ಅದಕ್ಕೂ ಕಾರ್ಬನ್ ಬೇಕು. ಜೋಆಂತಿಡ್ ಎಂಬ, ಹವಳದ ಬಳಗದ ಗುಂಡಿಯಂಥ ಜೀವಿ ಇದ್ದವರು ಇನ್ನೂ ಜಾಗ್ರತೆ: ಅವುಗಳಲ್ಲಿ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅವು ಅಂಟಿದ ಕಲ್ಲನ್ನು ಕುದಿಸಿ ತೊಳೆಯಲು ಹೊರಟರೆ ಹಬೆಯ ಜೊತೆ ವಿಷ ಮನೆಯವರ ಶ್ವಾಸಕೋಶಕ್ಕೆ ಹೋಗುತ್ತದೆ.

ಕಲ್ಲಿನಲ್ಲುಳಿದ ಬುಡದಲ್ಲಿ ಗಟ್ಟಿ ಭಾಗ ಸ್ವಲ್ಪ ಇದ್ದರೂ ಕೊಳೆತದ್ದನ್ನು ಕೆರೆದು, ನೀರು ಓಡುವ ಜಾಗದಲ್ಲಿ ಬಿಡಿ. ಕೆಲವು ವಾರಗಳಲ್ಲಿ ಅಲ್ಲಿಂದಲೂ ಹೊಸ ತಲೆ ಏಳುವುದುಂಟು.