ಎಂಜಿನ್ನಿನ ಶಾಖ ನಿಜಕ್ಕೂ ಬಿಟ್ಟಿಯೇ?

ಪ್ರಶ್ನೆ: ನಮ್ಮ ಆಸ್ಪತ್ರೆಯ ಗ್ಯಾಸ್ ಎಂಜಿನ್ ಕರೆಂಟಿನ ಜೊತೆಗೆ ಬಿಸಿನೀರು, ಎ.ಸಿ.ಗೆ ಬೇಕಾದ ತಣ್ಣೀರನ್ನೂ ಕೊಡುತ್ತದೆ. ಶಾಖ ಬಿಟ್ಟಿ ಸಿಗುವಾಗ ದಿನವಿಡೀ ಓಡಿಸುವುದೇ ಲಾಭವಲ್ಲವೇ?

ಅಲ್ಲ. ಆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಅದರ ಬೆಲೆ.

ಗ್ಯಾಸನ್ನೂ ಕರೆಂಟಿನ ಯೂನಿಟ್ಟಿನಲ್ಲೇ ಅಳೆಯೋಣ. 100 ಯೂನಿಟ್ ಉರಿಸಿದರೆ ಒಳ್ಳೆಯ ಎಂಜಿನ್ ಸುಮಾರು 40 ಯೂನಿಟ್ ಕರೆಂಟು ಕೊಡುತ್ತದೆ. ಹೊಗೆಯಿಂದ, ಎಂಜಿನ್ ತಣಿಸುವ ನೀರಿನಿಂದ ಇನ್ನೊಂದು 40 ಯೂನಿಟ್ ಶಾಖ ಹಿಡಿಯಬಹುದು. ಅದು ಸ್ನಾನಕ್ಕೆ, ಬಟ್ಟೆ ಒಗೆಯಲು ಹೋದರೆ ಬಾಯ್ಲರಿನಲ್ಲಿ ಉರಿಯಬೇಕಿದ್ದ 44 ಯೂನಿಟ್ ಗ್ಯಾಸ್ ಉಳಿಯಿತು. ಅದನ್ನೇ ಅಬ್ಸಾರ್ಪ್ಷನ್ ಚಿಲ್ಲರಿಗೆ, ಅಂದರೆ ಶಾಖದ ಬಲದಿಂದ ನೀರು ತಣಿಸುವ ಯಂತ್ರಕ್ಕೆ, ಕೊಟ್ಟರೆ ಸಿಗುವುದು 28 ಯೂನಿಟ್ ತಂಪು. ಅಷ್ಟು ತಂಪಿಗೆ ಕರೆಂಟಿನ ಚಿಲ್ಲರ್ ಐದೂವರೆ ಯೂನಿಟ್ ಚಿಲ್ಲರೆ ಕರೆಂಟು ತಿಂದರೆ ಹೆಚ್ಚು! ಮಾರುವವರ ಕರಪತ್ರದಲ್ಲಿ ಈ ಸಾಲನ್ನು ಹುಡುಕಬೇಡಿ.

ಗ್ಯಾಸ್ ಯೂನಿಟ್ಟಿಗೆ 4 ರೂಪಾಯಿ ಎಂದಿಟ್ಟುಕೊಳ್ಳಿ. ದುರಸ್ತಿ ಖರ್ಚು ಬಿಟ್ಟು, ಶಾಖವೆಲ್ಲ ಬಿಸಿನೀರಾದರೆ ನಿಮ್ಮ ಕರೆಂಟು ಐದೂವರೆ ರೂಪಾಯಿಗೆ ಬೀಳುತ್ತದೆ. ತಂಪಾದರೆ ಸುಮಾರು 8 ರೂಪಾಯಿ 80 ಪೈಸೆಗೆ. ಹೊರಗಿನ ಕರೆಂಟು 7 ರೂಪಾಯಿ, ಸಂಜೆ 8.40 ಎಂದಾದರೂ ಎ.ಸಿ.ಗೋಸ್ಕರ ಎಂಜಿನ್ ಓಡಿಸಿದರೆ ಕೈಯಿಂದಲೇ ಹೋಗುತ್ತದೆ.

ಬಿಸಿನೀರು, ತಣ್ಣೀರು ಕೂಡಿಡುವ ಟ್ಯಾಂಕಿನ ಉಪಯೋಗ ಇಲ್ಲಿ. ಬಿಸಿನೀರು ಬೇಕಾಗುವುದು ಬೆಳಿಗ್ಗೆ, ಕರೆಂಟು ದುಬಾರಿಯಾಗುವುದು ಸಂಜೆ. ಸಂಜೆ ಓಡಿಸಿ ಶಾಖವನ್ನು ಬೆಳಗಿನ ಸ್ನಾನಕ್ಕೆ ಎತ್ತಿಡಿ. ಟ್ಯಾಂಕು ತುಂಬಿದ ಕೂಡಲೇ ಎಂಜಿನ್ ನಿಲ್ಲಿಸಿ. 30 ಡಿಗ್ರಿ ಬಿಸಿಯಾದ ಸಾವಿರ ಲೀಟರ್ ನೀರು ಸುಮಾರು 35 ಯೂನಿಟ್ ಹಿಡಿದಿಟ್ಟುಕೊಳ್ಳುತ್ತದೆ. ತಣ್ಣೀರಿಗೆ ಸಿಗುವ ಅಂತರ 7 ಡಿಗ್ರಿಯಷ್ಟೇ, ಹಾಗಾಗಿ ಬರೀ 8 ಯೂನಿಟ್. ತಣ್ಣೀರಿನ ಟ್ಯಾಂಕು ಅಷ್ಟು ದೊಡ್ಡದಿರಬೇಕಾಗುವುದು ಇದಕ್ಕೇ.

ತಣ್ಣೀರಿನ ಟ್ಯಾಂಕನ್ನು ಕರೆಂಟಿನ ಚಿಲ್ಲರಿನಿಂದ, ಅಗ್ಗದ ಹೊತ್ತಿನಲ್ಲಿ ತುಂಬಿಸಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸುಮಾರು 98 ಲಕ್ಷ ಲೀಟರಿನ ಟ್ಯಾಂಕನ್ನು ರಾತ್ರಿ ತಣಿಸಿ, ದರ ಏರಿದ ಹಗಲಿನಲ್ಲಿ ಬಳಸುತ್ತದೆ. ನಮ್ಮಲ್ಲಿ ಆ ಪಾಠವನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಕೇಂದ್ರದ 2023ರ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ ಬೇಡಿಕೆ ಏರಿದ ಹೊತ್ತಿನಲ್ಲಿ ಕನಿಷ್ಠ ಶೇ. 20 ಹೆಚ್ಚು. ನಿಮ್ಮ ರಾಜ್ಯದ ದರಪಟ್ಟಿಯಲ್ಲಿ ಯಾವ ಗಂಟೆ ಅಗ್ಗ ಎಂದು ನೋಡಿ, ಅದನ್ನು ಎಂಜಿನ್ ಕೋಣೆಯ ಬಾಗಿಲಿಗೆ ಅಂಟಿಸಿಬಿಡಿ.