ಎಗ್ ಬಲಿಯೋಕೆ ಕ್ಯಾಲ್ಸಿಯಂ ಮಾತ್ರೆ ಬೇಕಾ?

ಮುಂಬೈ ಹತ್ತಿರ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬರೋ ನಮ್ಮ ಕನ್ನಡದ ಹೆಣ್ಮಕ್ಕಳು ಎಷ್ಟೋ ಜನ ಬ್ಯಾಗಿಂದ ಕ್ಯಾಲ್ಸಿಯಂ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟು, "ಡಾಕ್ಟ್ರೇ, ಅತ್ತೆ ತಂದ್ಕೊಟ್ರು, ಇದ್ರಿಂದ ಎಗ್ ಚೆನ್ನಾಗಿ ಬೆಳೆಯುತ್ತಂತೆ, ಹೌದಾ?" ಅಂತ ಕೇಳ್ತಾರೆ. ಕ್ಯಾಲ್ಸಿಯಂ ಇಲ್ದೆ ಎಗ್, ಅಂದ್ರೆ ಹೆಣ್ಣಿನ ಅಂಡಾಣು, ಒಂದು ಹೆಜ್ಜೆನೂ ಮುಂದೆ ಹೋಗಲ್ಲ, ಅದು ಖಂಡಿತ ನಿಜ. ಆದ್ರೆ ಆ ಕ್ಯಾಲ್ಸಿಯಂ ಎಗ್ಗಿನ ಒಳಗಡೆನೇ ಕೂಡಿಟ್ಟಿರೋದು.

ಹೆಣ್ಣುಮಗು ತಾಯಿ ಹೊಟ್ಟೇಲಿದ್ದಾಗಲೇ ಅದರ ಎಗ್‌ಗಳು ವಿಭಜನೆ ಶುರು ಮಾಡಿ ಅರ್ಧಕ್ಕೇ ನಿಂತ್ಬಿಡ್ತವೆ, ವರ್ಷಗಟ್ಟಲೆ ಹಾಗೇ ಇರ್ತವೆ. ತಿಂಗಳ ಮಧ್ಯೆ ಎಲ್‌ಎಚ್ ಹಾರ್ಮೋನ್ ಜೋರಾಗಿ ಏರಿದಾಗ ಸುಮಾರು 36 ಗಂಟೇಲಿ ಸಾಮಾನ್ಯವಾಗಿ ಒಂದು ಎಗ್ ಬಲಿತು ಹೊರಗೆ ಬರುತ್ತೆ, ಈ ಹೊತ್ತಲ್ಲೇ ಅದು ತನ್ನೊಳಗಿನ ಕ್ಯಾಲ್ಸಿಯಂ ಉಗ್ರಾಣನ ತುಂಬಿಸ್ಕೊಂಡು ಅಂಚಿನ ಕಡೆ ಜೋಡಿಸಿಟ್ಕೊಳ್ಳುತ್ತೆ. ಆಮೇಲೆ ವೀರ್ಯಾಣು ಒಳಗೆ ಬಂದು ಪಿಎಲ್‌ಸಿ ಝೀಟಾ ಅನ್ನೋ ಪ್ರೋಟೀನ್ ಬಿಟ್ಟಾಗ ಆ ಉಗ್ರಾಣ ತೆರೆದು ಕ್ಯಾಲ್ಸಿಯಂ ಅಲೆ ಅಲೆಯಾಗಿ ಗಂಟೆಗಟ್ಟಲೆ ಹರಿಯುತ್ತೆ, ಎರಡನೇ ವೀರ್ಯಾಣುಗೆ ಬಾಗಿಲು ಮುಚ್ಚುತ್ತೆ, ನಿಂತಿದ್ದ ವಿಭಜನೆ ಮುಗಿಯುತ್ತೆ. ಪೂರ್ತಿ ಬಲಿಯದ ಎಗ್ಗಲ್ಲಿ ಈ ಅಲೆ ಸರಿಯಾಗಿ ಏಳೋದೇ ಇಲ್ಲ. ಇಕ್ಸಿ, ಅಂದ್ರೆ ಲ್ಯಾಬಲ್ಲಿ ಒಂದು ವೀರ್ಯಾಣುನ ನೇರ ಎಗ್ಗೊಳಗೆ ಚುಚ್ಚೋದು, ಮಾಡಿದ ಮೇಲೂ ಒಂದು ಎಗ್ಗೂ ಫಲಿಸದೇ ಇದ್ದಾಗ, ಮುಂದಿನ ಸಲ ಲ್ಯಾಬಲ್ಲಿ ಅಯನೋಫೋರ್ ದ್ರಾವಣ ಹಾಕಿ ಕ್ಯಾಲ್ಸಿಯಂ ಏರಿಸಿ ನೋಡ್ತೀವಿ, ಎಲ್ಲರಿಗಲ್ಲ, ಆಯ್ದ ಕೆಲವು ದಂಪತಿಗಳಿಗೆ ಮಾತ್ರ.

ಅಂಡಾಶಯದಲ್ಲಿ ಹಾರ್ಮೋನ್ ತಯಾರಾಗುವಾಗಲೂ ಹೀಗೇ, ಎಲ್‌ಎಚ್ ಹೇಳಿದ್ದನ್ನ ಕೋಶದೊಳಗೆ ಮುಟ್ಟಿಸೋದರಲ್ಲಿ ಕ್ಯಾಲ್ಸಿಯಂಗೂ ಪಾಲಿದೆ, ಕೊಲೆಸ್ಟ್ರಾಲ್‌ನಿಂದ ಹಾರ್ಮೋನ್ ಆಗೋದು ಆಮೇಲೆ.

ಮಾತ್ರೆ ಯಾಕೆ ಇದನ್ನ ಬದಲಿಸಲ್ಲ ಅಂದ್ರೆ, ರಕ್ತದಲ್ಲಿ ಕ್ಯಾಲ್ಸಿಯಂ 100 ಮಿ.ಲೀ.ಗೆ 8.5ರಿಂದ 10.5 ಮಿ.ಗ್ರಾಂ ಒಳಗೇ ಇರೋ ಹಾಗೆ ಕುತ್ತಿಗೆಯಲ್ಲಿರೋ ಪ್ಯಾರಾಥೈರಾಯ್ಡ್ ಗ್ರಂಥಿ ಕಾಯ್ತಿರುತ್ತೆ, ಕಮ್ಮಿ ಆದ್ರೆ ಮೂಳೆಯಿಂದ ತಗೊಳ್ಳುತ್ತೆ, ಹೆಚ್ಚಾದ್ರೆ ಮೂತ್ರದಲ್ಲಿ ಹೊರಗೆ. ಕೋಶದೊಳಗೆ ಸುಮ್ಮನಿದ್ದಾಗ ಇರೋದು ಹೊರಗಿನದರ ಸುಮಾರು 10,000ದಲ್ಲಿ ಒಂದು ಪಾಲು ಅಷ್ಟೇ, ಅಂದ್ರೆ ಒಳಗೆ ಎಷ್ಟಿರಬೇಕು ಅನ್ನೋದನ್ನ ಕೋಶನೇ ನೋಡ್ಕೊಳ್ಳುತ್ತೆ.

ಹಾಗಂತ ಕ್ಯಾಲ್ಸಿಯಂ ಬಿಡಬೇಡಿ, ದಿನಕ್ಕೆ 1000 ಮಿ.ಗ್ರಾಂ ನಿಮ್ಮ ಮೂಳೆಗೆ ಬೇಕು, ನಾಳೆ ಮಗುವಿಗೂ ಬೇಕು. ರಾಗಿ 100 ಗ್ರಾಂನಲ್ಲೇ ಸುಮಾರು 350 ಸಿಗುತ್ತೆ, ಹಾಲು, ಮೊಸರು, ಮುಳ್ಳಿನ ಸಮೇತ ತಿನ್ನೋ ಸಣ್ಣ ಮೀನೂ ಇದೆ. ಬೆಳಗ್ಗೆ ಲೋಕಲ್ ಟ್ರೈನ್ ಹಿಡಿದು ಬಿಸಿಲೇ ಕಾಣದೆ ಸಂಜೆ ಫ್ಲ್ಯಾಟಿಗೆ ವಾಪಸ್ ಬರೋರು ವಿಟಮಿನ್ ಡಿ ಒಮ್ಮೆ ಚೆಕ್ ಮಾಡಿಸಿ. ನನಗೆ ಸಂಕಟ ಆಗೋದು ಆ ಡಬ್ಬಿ ನಂಬಿ ವರ್ಷ ಕಾಯ್ದು ಬಂದವರನ್ನ ನೋಡಿದಾಗ. ವಯಸ್ಸು 35 ದಾಟಿದ್ರೆ ಆರು ತಿಂಗಳು ಪ್ರಯತ್ನ ಮಾಡಿ, ಆಗ್ಲಿಲ್ಲ ಅಂದ್ರೆ ಗಂಡನ್ನೂ ಕರ್ಕೊಂಡು ಬನ್ನಿ, ಇಬ್ಬರದ್ದೂ ಟೆಸ್ಟ್ ಆಗ್ಬೇಕು.